ಐದನೆಯವ ಎಲ್ಲಿ?



ಈ ಸಲ ನಮ್ಮ ಸೈಕಲ್ ತರಬೇತಿಯ ಬಗ್ಗೆ ಬರೆಯುತ್ತಿದ್ದೇವೆ. ಹೆಚ್ಚುಗಾರಿಕೆ ಹೇಳಿಕೊಳ್ಳಲು ಅಲ್ಲ, ಒಂದು ತಪ್ಪನ್ನು ಒಪ್ಪಿಕೊಳ್ಳಲು.

ಸಾಂಗ್ಲಿ, ಮಿರಜದ ನಾವು ಐವರು ಗೆಳೆಯರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಕಳೆದ ವರ್ಷ ನಮಗೆ ‘ಬ್ರೆವೆ’ಯ ಹುಚ್ಚು ಹಿಡಿಯಿತು. ಬ್ರೆವೆ ಎಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಊಟ, ನಿದ್ದೆ, ಪಂಕ್ಚರ್ ಎಲ್ಲವೂ ಅದರಲ್ಲೇ ಸೇರಿತು. ನಮ್ಮ ದೇಶದಲ್ಲಿ ಇದನ್ನು ‘ಆಡಾಕ್ಸ್ ಇಂಡಿಯಾ ರಾಂಡೊನರ್ಸ್’ ನೋಡಿಕೊಳ್ಳುತ್ತದೆ. ಈ ನಾಲ್ಕನ್ನೂ ಮುಗಿಸಿದವರು ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯ ಕನಸು ಕಾಣುತ್ತಾರೆ. ಅದು 1,200 ಕಿ.ಮೀ., 90 ಗಂಟೆ. ನಮ್ಮ ಗುರಿ ಮಾತ್ರ ಮೊದಲ 200.

ತರಬೇತಿ ಶುರುವಾದದ್ದು ಜನವರಿಯಲ್ಲಿ. ಮೊದಲ ವಾರ ಸಾಂಗ್ಲಿಯಿಂದ ಮಿರಜಕ್ಕೆ ಹೋಗಿ ಬರುವುದು, ಆಮೇಲೆ ಮ್ಹೈಸಾಳ, ಆಮೇಲೆ ಗಡಿ ದಾಟಿ ಕಾಗವಾಡ. ಅಲ್ಲಿ ಅಂಗಡಿಗಳ ಬೋರ್ಡು ಮರಾಠಿಯಿಂದ ಕನ್ನಡಕ್ಕೆ ತಿರುಗಿದಾಗ ಏನೋ ಖುಷಿ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯಬೇಕು ಎಂದು ಕಲಿತೆವು. ಜೇಬಿನಲ್ಲಿ ಬಾಳೆಹಣ್ಣು, ಶೇಂಗಾ ಹೋಳಿಗೆ. ಬಾಟಲಿಯಲ್ಲಿ ಓಆರ್‌ಎಸ್, ಏಕೆಂದರೆ ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಬರೀ ನೀರು ಅದನ್ನು ತುಂಬಿಕೊಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಕತ್ತಲೆಯ ದಾರಿ ಅಪಾಯ. ಹಿಂದಿನ ದೀಪವೇ ಇಲ್ಲದ ಜೋಡಿ ಟ್ರೇಲರುಗಳು ಫಕ್ಕನೆ ಎದುರಾಗುತ್ತವೆ. ಹಾಗಾಗಿ ಹೆಲ್ಮೆಟ್, ಮುಂದೆ ಹಿಂದೆ ದೀಪ, ಹೊಳೆಯುವ ಜಾಕೆಟ್ ಇಲ್ಲದೆ ಹೊರಡಲಿಲ್ಲ.

ಇಷ್ಟೆಲ್ಲ ಕಲಿತವರು ಒಂದನ್ನು ಕಲಿತಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಅಥಣಿಗೆ ಹೋಗಿ ಬರುವುದೆಂದು ಗೊತ್ತು ಮಾಡಿದೆವು. ಮಿರಜದಿಂದ ಹೋಗಿ ಬಂದರೆ ನೂರು ಕಿ.ಮೀ. ದಾಟುತ್ತದೆ. ಸಂಜೆಯ ಬಲಿಪೂಜೆಗೆ ಬರುತ್ತೇವೆಂದು ಫಾದರ್‌ಗೆ ಮಾತು ಕೊಟ್ಟಿದ್ದೆವು. ಹೋಗುವಾಗ ಹಾರಿದ ಹಾಗೆ ಹೋದೆವು. ಬರುವಾಗ ಬಿಸಿಲು, ಎದುರುಗಾಳಿ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಹಿಂದೆ ಬಿದ್ದ. ಅವನದು ಗೇರಿಲ್ಲದ ಹಳೆಯ ಸೈಕಲ್.

“ನೀವ್ ಮುಂದ ಹೋಗ್ರಿ, ನಾ ಬರ್ತೀನಿ” ಅಂದ.

“ಕಾಗವಾಡದಾಗ ಕಾಯ್ತೀವಿ” ಅಂದೆವು. ಕಾಯಲಿಲ್ಲ. ಮೊಬೈಲಿನಲ್ಲಿ ಸರಾಸರಿ ವೇಗ ಚೆನ್ನಾಗಿ ತೋರಿಸುತ್ತಿತ್ತು, ನಿಂತರೆ ಅದು ಇಳಿಯುತ್ತಿತ್ತು. ನಿಜ ಹೇಳಬೇಕೆಂದರೆ ಕಾರಣ ಅಷ್ಟೇ.

ಪೂಜೆಗೆ ಸರಿಯಾಗಿ ಬಂದು ಮುಟ್ಟಿದೆವು. ಬೆವರಿದ ಮುಖದಲ್ಲೇ ಹಿಂದಿನ ಬೆಂಚಿನಲ್ಲಿ ಹೆಮ್ಮೆಯಿಂದ ಕೂತೆವು. ಪೂಜೆ ಮುಗಿದ ಮೇಲೆ ಫಾದರ್ ಬಾಗಿಲ ಹತ್ತಿರ ನಮ್ಮನ್ನು ಎಣಿಸಿದರು.

“ನಾಲ್ಕೇ ಮಂದಿ ಬಂದೀರಿ. ಐದನೆಯವ ಎಲ್ಲಿ?”

ಅವರು ಗದರಲಿಲ್ಲ. ಆದರೆ ಆದಿಕಾಂಡದಲ್ಲಿ ದೇವರು ಕಾಯಿನನಿಗೆ ಕೇಳಿದ ಪ್ರಶ್ನೆ ನಮ್ಮೆಲ್ಲರಿಗೂ ಒಟ್ಟಿಗೇ ನೆನಪಾಯಿತು. ಅಷ್ಟರಲ್ಲಿ ಅವನ ತಾಯಿಯೂ ಬಂದು “ನಮ್ ಹುಡುಗ ನಿಮ್ ಜೋಡಿ ಇಲ್ಲೇನ್ರೋ?” ಎಂದರು. ಫೋನ್ ಮಾಡಿದರೆ ಸ್ವಿಚ್ ಆಫ್.

ಇಬ್ಬರು ಬೈಕ್ ತೆಗೆದುಕೊಂಡು ಹುಡುಕಲು ಹೋದರು. ಮ್ಹೈಸಾಳದ ಹತ್ತಿರ ಸಿಕ್ಕ. ಕಾಲಿನ ಸ್ನಾಯು ಹಿಡಿದು ಒಂದು ಬೇವಿನ ಮರದ ಕೆಳಗೆ ಬಹಳ ಹೊತ್ತು ಬಿದ್ದಿದ್ದನಂತೆ. ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವರು ನೀರು ಕೊಟ್ಟು, ಖಾಲಿ ಟ್ರೇಲರಿನಲ್ಲಿ ಅವನನ್ನೂ ಸೈಕಲನ್ನೂ ಹಾಕಿಕೊಂಡು ಬಂದಿದ್ದರು. ನಾವು ಯಾರ ದೀಪ ಇಲ್ಲವೆಂದು ಬೈಯುತ್ತಿದ್ದೆವೋ ಅವರೇ.

ಮರುದಿನ ಅವನ ಮನೆಗೆ ಹೋದೆವು. “ತಪ್ಪಾತು ಕಾಕು” ಎಂದೆವು. ಅವರು ಚಹಾ ಕೊಟ್ಟರು, ಮಾತು ಆಡಲಿಲ್ಲ. ಅವನು “ಹೋಗ್ರಿ ಅಂದಿದ್ದು ನಾನss ಅಲ್ಲೇನು” ಎಂದು ನಕ್ಕ. ಆದರೆ ಮುಂದಿನ ಎರಡು ವಾರ ಸವಾರಿಗೂ ಬರಲಿಲ್ಲ, ಯುವಜನರ ಸಭೆಗೂ ಬರಲಿಲ್ಲ.

ಆಗ ಕೂತು ಲೆಕ್ಕ ಹಾಕಿದೆವು. 200 ಕಿ.ಮೀ.ಯನ್ನು ಗಂಟೆಗೆ 18ರಂತೆ ತುಳಿದರೆ ಹನ್ನೊಂದು ಗಂಟೆ ಚಿಲ್ಲರೆ. ನಿಲ್ಲಲು, ತಿನ್ನಲು, ಕಾಯಲು ಎರಡು ಗಂಟೆಗೂ ಹೆಚ್ಚು ಉಳಿಯುತ್ತದೆ. ಬ್ರೆವೆ ಪಂದ್ಯವೇ ಅಲ್ಲ, ಮೊದಲು ಬಂದವನಿಗೆ ಬಹುಮಾನವೂ ಇಲ್ಲ. ಕಾಯುವಷ್ಟು ಸಮಯ ನಮ್ಮ ಕೈಯಲ್ಲಿ ಮೊದಲಿನಿಂದಲೂ ಇತ್ತು.

ಸಂತ ಲೂಕರ ಶುಭಸಂದೇಶದಲ್ಲಿ ಎಮ್ಮಾವು ಊರಿಗೆ ಹೊರಟ ಇಬ್ಬರು ಶಿಷ್ಯರ ಕಥೆ ಇದೆ. ಅದು ಸುಮಾರು 11 ಕಿ.ಮೀ. ದಾರಿ, ಹೆಚ್ಚುಕಡಿಮೆ ನಮ್ಮ ಸಾಂಗ್ಲಿ–ಮಿರಜದಷ್ಟೇ. ಪುನರುತ್ಥಾನರಾದ ಯೇಸುಸ್ವಾಮಿ ಆ ಸೋತವರ ಮುಂದೆ ಓಡಲಿಲ್ಲ. ಅವರ ಪಕ್ಕದಲ್ಲಿ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು, ಅವರ ಮಾತು ಕೇಳಿದರು. ದಿನವೂ ಓಡಾಡುವ ದಾರಿಯಲ್ಲಿ ಈಗ ಈ ಕಥೆ ನೆನಪಾಗುತ್ತದೆ.

ಮೂರನೆಯ ವಾರ ಅವನು ಬಂದ. ಈಗ ನಮ್ಮ ನಿಯಮ ಬೇರೆ. ವೇಗ ಗೊತ್ತುಮಾಡುವವನು ಅವನೇ. ಎದುರುಗಾಳಿ ಇದ್ದರೆ ಗಟ್ಟಿಗರು ಸರದಿಯಂತೆ ಮುಂದೆ ಹೋಗಿ ಗಾಳಿ ತಡೆಯುತ್ತಾರೆ, ಹಿಂದಿನವನಿಗೆ ತುಳಿಯುವುದು ಹಗುರವಾಗುತ್ತದೆ. ಆದರೆ ಅವನು “ಸಾವಕಾಶ” ಅಂದರೆ ಎಲ್ಲರೂ ಸಾವಕಾಶ. ಪ್ರತಿ ಊರು ಬಂದಾಗ ಎಣಿಸುತ್ತೇವೆ: ಒಂದು, ಎರಡು, ಮೂರು, ನಾಲ್ಕು, ಐದು.

ನಮ್ಮ 200 ಇನ್ನೂ ಆಗಿಲ್ಲ. ಆದರೆ ಐವರೂ ಒಟ್ಟಿಗೇ ಹೊರಡುತ್ತೇವೆ, ಒಟ್ಟಿಗೇ ಮುಟ್ಟುತ್ತೇವೆ. ಯಾರಾದರೂ ಬರುವವರಿದ್ದರೆ ಭಾನುವಾರ ಮೊದಲ ಪೂಜೆ ಮುಗಿದ ಮೇಲೆ ಚರ್ಚಿನ ಗೇಟಿನ ಹತ್ತಿರ ಸಿಗಿರಿ. ಗೇರಿನ ಸೈಕಲ್ಲೇ ಬೇಕೆಂದಿಲ್ಲ. ಕಾಯುತ್ತೇವೆ, ಈ ಸಲ ನಿಜವಾಗಿ.