ಹರಗೋಲಿನಲ್ಲಿ ನಾವಿಬ್ಬರು

ಸೋದರಿಯರೇ, ನೀವು ಯಾವತ್ತಾದರೂ ಹರಗೋಲಿನಲ್ಲಿ ಕುಳಿತಿದ್ದೀರಾ? 1999ರಲ್ಲಿ ಸುರಪುರಕ್ಕೆ ಸೊಸೆಯಾಗಿ ಬಂದ ನಾನು ಇಪ್ಪತ್ತು ವರ್ಷ ಕುಳಿತಿರಲಿಲ್ಲ. ಕೃಷ್ಣೆ ನಮ್ಮ ತಾಲ್ಲೂಕಿನಲ್ಲೇ ಹರಿದರೂ, ತಿಂಥಣಿಯ ದಂಡೆಯಲ್ಲಿ ಕಾಲು ತೊಳೆದು, ಮೌನೇಶ್ವರನಿಗೆ ಕೈಮುಗಿದು ಬರುವುದಷ್ಟೇ.

2018ರ ಮೇ ತಿಂಗಳಲ್ಲಿ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರಲ್ಲ, ಆ ಸುದ್ದಿ ಓದಿ ಹೇಳಿದರೆ ನಮ್ಮವರು ನಕ್ಕುಬಿಟ್ಟರು. “ಬಾವ್ಯಾಗ ಹಣಿಕಿ ನೋಡಲಾಕ ಅಂಜ್ತಿ, ನಿನಗ್ಯಾಕ ಸಮುದ್ರದ ಮಾತು?” ನನಗೆ ಚುಚ್ಚಿತು ನೋಡಿ.

ಮರುವರ್ಷ ಮಾಘದಲ್ಲಿ, ಜಾತ್ರೆ ಮುಗಿದ ಮೇಲೆ, ಪರಿಚಯದ ಅಂಬಿಗರ ಹಿರಿಯರನ್ನು ನಾನೇ ಕೇಳಿದೆ. “ದಂಡಿ ಗುಂಟ ಒಂದು ಸುತ್ತು ಕರಕೊಂಡು ಹೋಗ್ರಿ ಕಾಕಾ.” ನಮ್ಮವರು ಬೇಡವೆಂದರು. ನಾನು ಹಟ ಹಿಡಿದೆ. ಆಸ್ಪತ್ರೆಗೆ ಬಿಟ್ಟರೆ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಿಲ್ಲವೆಂದು ಕೇಳಿಕೊಂಡೇ ಹೊರಟೆವು.

ಹರಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಚರ್ಮ ಹೊದಿಸುತ್ತಿದ್ದರು. ಇದಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿದಿದ್ದರು. ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವುದು ನಿಂತರೆ ಬೀಸುವ ಕಲ್ಲಿನಂತೆ ತಿರುಗುತ್ತದೆ. ಕಾಲು ಮಡಚಿ ಕೂರಬೇಕು, ಏಳಬಾರದು. ನೀರು ಕಡಿಮೆ, ಭಯವೂ ಕಡಿಮೆ ಎಂದುಕೊಂಡಿದ್ದೆ. ಆದರೆ ಮಳೆಗಾಲದಲ್ಲಿ ಆಳದಲ್ಲಿರುವ ಬಂಡೆಗಳು ಆಗ ಗೇಣು ನೀರಿನ ಕೆಳಗೇ ಇರುತ್ತವೆ.

ಅಂಥದೊಂದಕ್ಕೆ ತಾಗಿ ಪರ್ರೆಂದು ಸದ್ದಾಯಿತು. ನನ್ನ ಸೀರೆ ತೊಯ್ಯಿತು. ನಮ್ಮವರ ಕಡೆ ನೋಡಿದರೆ ಮುಖ ಬಿಳಿಚಿದೆ, ಅಂಚು ಹಿಡಿದು ಏಳಲು ಹೊರಟಿದ್ದಾರೆ. ಎದ್ದಿದ್ದರೆ ಮಗುಚಿಯೇ ಹೋಗುತ್ತಿತ್ತು. “ಕುಂಡ್ರ್ರಿ!” ಎಂದು ಗದರಿದೆ. ಮದುವೆಯಾದ ಮೇಲೆ ಅದೇ ಮೊದಲು. ಅವರು ಕುಳಿತರು. ರೊಟ್ಟಿ ಕಟ್ಟಿದ್ದ ಬಟ್ಟೆ ಬಿಚ್ಚಿಕೊಟ್ಟೆ, ಕಾಕಾ ಸೀಳಿನಲ್ಲಿ ತುರುಕಿದರು. ಶೇಂಗಾ ಹಿಂಡಿಯ ಡಬ್ಬಿ ಖಾಲಿ ಮಾಡಿ ನೀರು ಮೊಗೆಮೊಗೆದು ಹೊರಗೆ ಚೆಲ್ಲಿದೆ. (ಹಿಂಡಿ ಕೃಷ್ಣೆಗೆ ಅರ್ಪಣೆ! ಬೆಳಗಿನ ಜಾವ ಎದ್ದು ಕುಟ್ಟಿದ್ದೆ.)

ದಂಡೆ ಮುಟ್ಟಿದ ಮೇಲೆ ನಮ್ಮವರು ಬಂಡೆಯ ಮೇಲೆ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾವು ಸಣ್ಣವರಿದ್ದಾಗ ನನ್ನ ತಮ್ಮ ಹೊಳ್ಯಾಗ ಹೋದ” ಎಂದರು.

ಅವರಿಗೊಬ್ಬ ತಮ್ಮನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಅತ್ತೆಯೂ ಒಂದು ದಿನ ಬಾಯಿ ಬಿಟ್ಟವರಲ್ಲ. ಹೆಸರೇನೆಂದು ಕೇಳಿದೆ. ಹೇಳಿದರು. ಆಮೇಲೆ ತೊಯ್ದ ರೊಟ್ಟಿಯನ್ನೇ ಕಾಕಾನಿಗೂ ಕೊಟ್ಟು ಮೂವರೂ ತಿಂದೆವು.