ಎರಡನೆಯ ದನಿ

ನಾದಕ್ಕೆ ಮತಭೇದವಿಲ್ಲವೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ತಿಳಿಯದ ಭಾಷೆಯ, ಅನ್ಯಧರ್ಮದ ಗೀತೆಯೊಂದನ್ನು ಕಿವಿಗೊಟ್ಟು ಆಲಿಸಿ ಆ ಮಾತನ್ನು ಪರೀಕ್ಷಿಸಿದವರು ವಿರಳ. ಸಹೃದಯ ವಾಚಕರೇ, ಅಂತಹ ಒಂದು ಕೃತಿಯನ್ನು ಕುರಿತು ತಮ್ಮಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಇಟಲಿಯ ಪೆರ್ಗೊಲೆಸಿ ಎಂಬ ತರುಣ ಸಂಗೀತಗಾರನು 1736ರಲ್ಲಿ ಕ್ಷಯರೋಗದಿಂದ ನರಳುತ್ತಲೇ 'ಸ್ಟಾಬಾತ್ ಮಾತೆರ್' ಎಂಬ ಕೃತಿಯನ್ನು ರಚಿಸಿದನು. ಶಿಲುಬೆಯ ಮೇಲಿನ ಮಗನೆದುರು ನಿಂತ ತಾಯಿ ಮರಿಯಳ ಶೋಕವೇ ಅದರ ವಸ್ತು. ಸಾಹಿತ್ಯ ಮಧ್ಯಯುಗದ ಲ್ಯಾಟಿನ್ ಪದ್ಯ. ಎರಡು ಕಂಠಗಳು, ಪಿಟೀಲು ಮೊದಲಾದ ತಂತಿವಾದ್ಯಗಳು, ಹನ್ನೆರಡು ಭಾಗಗಳು, ಪರಿಕರ ಇಷ್ಟೇ. ಮುಂದೆ ಇದನ್ನು ಸಮೂಹಗಾನವಾಗಿ ಹಾಡುವ ರೂಢಿಯೂ ಬೆಳೆಯಿತು. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ, 26ನೆಯ ವಯಸ್ಸಿಗೇ, ಆತನು ತೀರಿಕೊಂಡನು.

ಮಠದ ಪ್ರಸಾದನಿಲಯದ ಪ್ರಾರ್ಥನೆಯಲ್ಲಿ ಎಲ್ಲರೂ ಒಂದೇ ಸ್ವರದಲ್ಲಿ ಹಾಡಲು ಕಲಿತವರಿಗೆ ಈ ಗೀತೆಯ ಆರಂಭ ವಿಚಿತ್ರವೆನಿಸೀತು. ಒಂದು ಕಂಠ ತನ್ನ ಸ್ವರದಲ್ಲಿ ನಿಂತಿರುವಾಗಲೇ ಮತ್ತೊಂದು ಅದರ ನೆರೆಯ ಸ್ವರವನ್ನು ಹಿಡಿದು ತಾಗುತ್ತದೆ. ಕೇಳುವವನ ಎದೆ ಬಿಗಿಯುತ್ತದೆ. ಮೊದಲ ಕಂಠ ಒಂದು ಮೆಟ್ಟಿಲು ಇಳಿದಾಗ ನೋವು ಶಮನವಾಗುತ್ತದೆ. ಮರುಕ್ಷಣವೇ ಮತ್ತೆ ತಾಗು, ಮತ್ತೆ ಶಮನ.

ಮೈಸೂರಿನಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಈ ಧ್ವನಿಮುದ್ರಿಕೆಯನ್ನು ಕೇಳಿದಾಗ ನನಗೆ ಬೂಕನಕೆರೆಯ ನಮ್ಮ ಮನೆಯ ಜಗಲಿ ಕಣ್ಮುಂದೆ ನಿಂತಿತು. ಎಳೆಯ ಪ್ರಾಯದಲ್ಲಿ ನನ್ನ ಅಣ್ಣ ತೀರಿಕೊಂಡಾಗ ಅವ್ವ ಹಾಡಿಕೊಂಡು ಅಳುತ್ತಿದ್ದಳು. ಬಂದವರೆಲ್ಲರೂ ವಿಧಿಯ ಮಾತನಾಡಿ ಹೋದರು. ನೆರೆಮನೆಯ ಅಜ್ಜಿಯೊಬ್ಬರು ಮಾತ್ರ ಏನೂ ಹೇಳದೆ ಪಕ್ಕದಲ್ಲಿ ಕುಳಿತು ದನಿಗೂಡಿಸುತ್ತಿದ್ದರು. ಆ ಎರಡು ದನಿಗಳು ಎಂದೂ ಒಂದಾಗಲಿಲ್ಲ; ಒಂದನ್ನೊಂದು ತಾಗಿ, ಬಳಲಿ, ಇಳಿಯುತ್ತಿದ್ದವು. ಅವ್ವ ಮತ್ತೆ ಒಲೆ ಹಚ್ಚಿದ್ದು ಆ ಅಜ್ಜಿಯ ದನಿಯ ಆಸರೆಯಿಂದಲೇ ಎಂದು ನಾನು ನಂಬಿದ್ದೇನೆ.

ಈ ಸಂಗೀತ ಹುಟ್ಟಿದ ಮನೆಯಲ್ಲಿಯೇ ಉಳಿಯಲಿಲ್ಲ. ಸುಮಾರು ಹತ್ತು ವರ್ಷಗಳ ತರುವಾಯ ಜರ್ಮನಿಯ ಬಾಖ್ ಇದೇ ರಾಗಗಳಿಗೆ ಪಶ್ಚಾತ್ತಾಪದ ಕೀರ್ತನೆಯೊಂದನ್ನು ಜರ್ಮನ್ ನುಡಿಯಲ್ಲಿ ಅಳವಡಿಸಿದನು. ಕ್ಯಾಥೋಲಿಕರ ಗೀತೆ ಪ್ರೊಟೆಸ್ಟಂಟನ ಕೈಯಲ್ಲಿ ಹೊಸ ಸಾಹಿತ್ಯ ಪಡೆಯಿತು; ನಾದದ ನೋವು ಮಾತ್ರ ಹಾಗೆಯೇ ಉಳಿಯಿತು. ನಮ್ಮ ನಾಡಿಗೂ ಪಶ್ಚಿಮದ ಸಂಗೀತ ಅಪರಿಚಿತವಲ್ಲ. ಆ ಪಿಟೀಲು ಚೌಡಯ್ಯನವರ ಕೈಯಲ್ಲಿ ಏಳು ತಂತಿಗಳನ್ನು ಪಡೆದು ನಮ್ಮದೇ ಆಯಿತು. ಕರ್ನಾಟಕ ಸಂಗೀತದಲ್ಲಿ 90ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಗೀತ ಸಂಸ್ಥೆಯ ಪ್ರಥಮ ಅಧ್ಯಕ್ಷರೂ ಆಗಿದ್ದರು.

ಆದುದರಿಂದ ವಾಚಕರೇ, ಅವಕಾಶ ದೊರೆತರೆ ಈ ಕೃತಿಯನ್ನೊಮ್ಮೆ ಆಲಿಸಿರಿ. ಅರ್ಥ ತಿಳಿಯದಿದ್ದರೂ ಚಿಂತೆಯಿಲ್ಲ. ಶೋಕದ ಮನೆಗೆ ಹೋಗಬೇಕಾಗಿ ಬಂದಾಗ ಅದು ನಿಮಗೆ ನೆನಪಾಗಲಿ. ಅಲ್ಲಿ ಉಪದೇಶಕ್ಕೆ ಅವಸರವಿಲ್ಲ. ನೊಂದ ದನಿಯ ಪಕ್ಕದಲ್ಲಿ ಎರಡನೆಯ ದನಿಯಾಗಿ ನಿಲ್ಲುವವರು ಬೇಕು.