ಮೂರು ದಿನ

2023ರ ಮಾರ್ಚ್ 10, ಶುಕ್ರವಾರ. ಆಗ ನಾನು ಆನ್‌ಸೈಟ್ ಅಂತ ಕ್ಯಾಲಿಫೋರ್ನಿಯಾದಲ್ಲಿದ್ದೆ. ಸಂಜೆ ಮನೆಗೆ ಬಂದರೆ ರೂಮ್‌ಮೇಟ್ ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂತಿದ್ದ. ಅವನ ಸ್ಟಾರ್ಟಪ್‌ನ ದುಡ್ಡೆಲ್ಲ ಇದ್ದದ್ದು ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ. ಹಿಂದಿನ ದಿನ, ಒಂದೇ ದಿನದಲ್ಲಿ, ಗ್ರಾಹಕರು ಅಲ್ಲಿಂದ 4,200 ಕೋಟಿ ಡಾಲರ್ ತೆಗೆಯೋಕೆ ಹೊರಟಿದ್ದರು. ಅವತ್ತು ಬೆಳಗ್ಗೆ ಬ್ಯಾಂಕಿಗೆ ಬೀಗ ಬಿತ್ತು. "15ಕ್ಕೆ ಸಂಬಳ ಬರುತ್ತೋ ಇಲ್ವೋ ಮಾರಾಯ" ಅಂದ.

ಅವನ ಮುಖ ನೋಡಿ ನನಗೆ ಅಪ್ಪ ನೆನಪಾದ. ನಮ್ಮದು ತಿಪಟೂರು ಕಡೆ ಒಂದು ಹಳ್ಳಿ. ಕೊಬ್ಬರಿ ಮಾರಿದ ದುಡ್ಡಲ್ಲಿ ಅಕ್ಕನ ಮದುವೆಗೆ ಅಂತ ಎತ್ತಿಟ್ಟ 1,80,000 ರೂಪಾಯಿಯನ್ನ ಅಪ್ಪ ಪಕ್ಕದೂರಿನ ಒಂದು ಸೊಸೈಟಿಯಲ್ಲಿ ಎಫ್‌ಡಿ ಮಾಡಿದ್ದ. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ, ಗೊತ್ತಿರೋ ಜನ. ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ಒಂದು ದಿನ ಅದರ ಶಟರ್ ಇಳಿಯಿತು. ಅಪ್ಪ ಪಾಸ್‌ಬುಕ್ ಹಿಡ್ಕೊಂಡು ಮೂರು ದಿನ ಹೋಗಿ ಬಂದ. ನಾಲ್ಕನೇ ದಿನ ಹೋಗಲಿಲ್ಲ. ಅಕ್ಕನ ಮದುವೆ ಒಂದು ವರ್ಷ ಮುಂದಕ್ಕೆ ಹೋಯ್ತು, ಹತ್ತು ಗುಂಟೆ ತೋಟ ಕೈಬಿಟ್ಟು ಹೋಯ್ತು. ಆ ದುಡ್ಡು ಇವತ್ತಿಗೂ ಬಂದಿಲ್ಲ.

ಶನಿವಾರ ನಿದ್ದೆ ಬರಲಿಲ್ಲ. ಅಲ್ಲಿನ ಬ್ಯಾಂಕ್ ಕೌಂಟರುಗಳಲ್ಲಿ ಎಫ್‌ಡಿಐಸಿ ಅಂತ ಒಂದು ಸಣ್ಣ ಬೋರ್ಡ್ ಇರುತ್ತೆ: ಪ್ರತಿ ಠೇವಣಿದಾರನಿಗೂ 2,50,000 ಡಾಲರ್‌ವರೆಗೆ ವಿಮೆ. ದಿನಾ ನೋಡಿದ್ದರೂ ಅದು ಎಲ್ಲಿಂದ ಬಂತು ಅಂತ ಯೋಚಿಸಿರಲಿಲ್ಲ. ಅವತ್ತು ರಾತ್ರಿ ಓದುತ್ತಾ ಕೂತೆ.

ಕತೆ ಶುರುವಾಗೋದು ಮಹಾಕುಸಿತದ ಕಾಲದಲ್ಲಿ. 1930ರಿಂದ 1933ರ ನಡುವೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಬ್ಯಾಂಕು ನಮ್ಮ ದುಡ್ಡನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಲ್ಲ, ಸಾಲ ಕೊಟ್ಟಿರುತ್ತೆ. ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಗಟ್ಟಿ ಬ್ಯಾಂಕೂ ಬೀಳುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಊರಿಗೂರೇ ಒಂದೇ ಸಲ ಲಾಗಿನ್ ಆದರೆ ಯಾವ ಸರ್ವರ್ ತಾನೆ ತಡೆಯುತ್ತೆ? 1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾಗಿ ಪ್ರಮಾಣವಚನ ತಗೊಂಡಾಗ, ಬಹುಪಾಲು ರಾಜ್ಯಗಳು ತಮ್ಮ ಬ್ಯಾಂಕುಗಳನ್ನ ಮುಚ್ಚಿದ್ದವು, ಇಲ್ಲಾ ದುಡ್ಡು ತೆಗೆಯೋಕೆ ಮಿತಿ ಹಾಕಿದ್ದವು.

ರೂಸ್‌ವೆಲ್ಟ್ ಮಾಡಿದ್ದು ನಮ್ಮ ಪ್ರೊಡಕ್ಷನ್ ಸಿಸ್ಟಮ್ ಕೆಟ್ಟಾಗ ಮಾಡೋ ಕೆಲಸವನ್ನೇ. ಮೊದಲು ಎಲ್ಲ ನಿಲ್ಲಿಸಿದರು. ಮಾರ್ಚ್ 6ಕ್ಕೆ ದೇಶದ ಅಷ್ಟೂ ಬ್ಯಾಂಕುಗಳಿಗೆ ರಜೆ. ಮಾರ್ಚ್ 9ಕ್ಕೆ ತುರ್ತು ಕಾನೂನು. ಮಂಡನೆ, ಒಪ್ಪಿಗೆ, ಸಹಿ ಎಲ್ಲ ಒಂದೇ ದಿನದಲ್ಲಿ. ಮಾರ್ಚ್ 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ ಕಾಲು ಗಂಟೆಯೂ ಇಲ್ಲದ ಒಂದು ಮಾತು. ಬ್ಯಾಂಕು ಹೇಗೆ ಕೆಲಸ ಮಾಡುತ್ತೆ, ಏನು ತಪ್ಪಾಯ್ತು, ನಾಳೆಯಿಂದ ಯಾವ್ಯಾವುದು ಯಾವಾಗ ತೆರೆಯುತ್ತೆ ಅಂತ ಮನೆಯವರಿಗೆ ಹೇಳೋ ಹಾಗೆ ಹೇಳಿದರು. ಹಾಸಿಗೆ ಕೆಳಗಿಗಿಂತ ತೆರೆದ ಬ್ಯಾಂಕಿನಲ್ಲೇ ದುಡ್ಡು ಕ್ಷೇಮ ಅಂದರು. ಸೋಮವಾರ ಬಾಗಿಲು ತೆರೆದಾಗ ಜನ ದುಡ್ಡು ವಾಪಸ್ ಕಟ್ಟೋಕೆ ಸಾಲು ನಿಂತರು.

ಆದರೆ ಬರೀ ಮಾತು ಎಷ್ಟು ದಿನ ನಿಲ್ಲುತ್ತೆ? ಅದೇ ಜೂನ್‌ನಲ್ಲಿ ಕಾನೂನು ಬಂತು, 1934ರ ಜನವರಿ 1ರಿಂದ ಠೇವಣಿ ವಿಮೆ ಶುರುವಾಯ್ತು. ಮೊದಲ ಮಿತಿ 2,500 ಡಾಲರ್. ತಮಾಷೆ ಅಂದ್ರೆ ಈ ವಿಮೆ ಸ್ವತಃ ರೂಸ್‌ವೆಲ್ಟ್‌ಗೆ ಇಷ್ಟ ಇರಲಿಲ್ಲ. ಕೆಟ್ಟ ಬ್ಯಾಂಕಿನ ಭಾರವನ್ನ ಒಳ್ಳೆ ಬ್ಯಾಂಕು ಹೊರಬೇಕಾಗುತ್ತೆ ಅಂತ ಅವರ ವಾದ. 1934ರಲ್ಲಿ ಮುಳುಗಿದ ವಿಮೆಯಿದ್ದ ಬ್ಯಾಂಕುಗಳು ಒಂಬತ್ತೇ ಒಂಬತ್ತು.

ನಮ್ಮ ದೇಶಕ್ಕೂ ಈ ಪದ್ಧತಿ ಬಂತು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ಕಾನೂನಾಗಿ, 1962ರ ಜನವರಿ 1ರಿಂದ 1,500 ರೂಪಾಯಿವರೆಗೆ ವಿಮೆ ಜಾರಿಯಾಯ್ತು. 2020ರಿಂದ ಅದು 5 ಲಕ್ಷ. ವಾಣಿಜ್ಯ ಬ್ಯಾಂಕಿಗೆ ಉಂಟು, ಸಹಕಾರಿ ಬ್ಯಾಂಕಿಗೂ ಉಂಟು. ಸಹಕಾರಿ ಸೊಸೈಟಿಗೆ ಇಲ್ಲ. ಹೆಸರಲ್ಲಿ ಅಷ್ಟೇ ವ್ಯತ್ಯಾಸ. ಅದನ್ನ ಅಪ್ಪನಿಗೆ ಹೇಳೋರು ಯಾರು? ಬಿಇ ಓದ್ತಿದ್ದ ಮಗನಿಗೇ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಸುದ್ದಿ ಬಂತು. ಸಿಲಿಕಾನ್ ವ್ಯಾಲಿ ಬ್ಯಾಂಕಿನ ಎಲ್ಲ ಠೇವಣಿದಾರರಿಗೂ ಪೂರ್ತಿ ದುಡ್ಡು ಸಿಗುತ್ತೆ, 2,50,000 ಡಾಲರ್ ಮಿತಿ ದಾಟಿದವರಿಗೂ. ಅಲ್ಲಿನ ಠೇವಣಿಯಲ್ಲಿ ಬಹುಪಾಲು ಮಿತಿ ದಾಟಿದ್ದೇ. ಕ್ಯಾಲೆಂಡರ್ ನೋಡಿದೆ: ಮಾರ್ಚ್ 12. ರೂಸ್‌ವೆಲ್ಟ್ ಮಾತಾಡಿ ಸರಿಯಾಗಿ 90 ವರ್ಷ, ಅವತ್ತೂ ಭಾನುವಾರವೇ. ರೂಮ್‌ಮೇಟ್ ಬಿರಿಯಾನಿ ತರಿಸಿದ. ನನಗೂ ಖುಷಿಯೇ ಆಯ್ತು. ಆದರೂ ಒಳಗೆ ಏನೋ ಚುಚ್ಚುತ್ತಿತ್ತು.

ಸಂಜೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಸೋಮವಾರ ಬೆಳಗ್ಗೆ. ಟೀವಿ ನೋಡಿದ್ದ ಅಪ್ಪ ಮೊದಲು ಕೇಳಿದ್ದೇ, "ಅದ್ಯಾವ್ದೋ ಬ್ಯಾಂಕ್ ಮುಳುಗೋಯ್ತಂತೆ, ನಿನ್ ದುಡ್ಡು ಹೆಂಗೈತೆ?"

"ನಂದೇನಾಗಿಲ್ಲ ಅಪ್ಪ. ಇಟ್ಟೋರಿಗೆಲ್ಲ ಪೂರ್ತಿ ವಾಪಸ್ ಕೊಡ್ತಾರಂತೆ."

"ಎಷ್ಟ್ ದಿನ ತಗಂಡ್ರು ಹೇಳಾಕೆ?"

"ಮೂರು ದಿನ."

ಸ್ವಲ್ಪ ಹೊತ್ತು ಅಪ್ಪ ಮಾತಾಡಲಿಲ್ಲ. "ಹೋಗ್ಲಿ ಬಿಡು, ಅವರಿಗಾದ್ರೂ ಸಿಕ್ತಲ್ಲ" ಅಂದು ಕೊಬ್ಬರಿ ರೇಟಿನ ವಿಷಯ ತೆಗೆದ.

ಅಮೆರಿಕ ದೊಡ್ಡದು, ನಮ್ಮದು ಚಿಕ್ಕದು ಅಂತ ಹೇಳೋಕೆ ಇದನ್ನ ಬರೀತಿಲ್ಲ. ಅಲ್ಲೂ 9,000 ಬ್ಯಾಂಕ್ ಮುಳುಗಿ, ಲಕ್ಷಾಂತರ ಜನ ನಮ್ಮಪ್ಪನ ಹಾಗೆ ಬಾಗಿಲ ಮುಂದೆ ನಿಂತ ಮೇಲೇ ಆ ಸಣ್ಣ ಬೋರ್ಡ್ ಬಂದಿದ್ದು. ನಂಬಿಕೆ ಇದ್ದರೆ ಸಾಲದು, ಅದರ ಹಿಂದೆ ಯಾರದ್ದಾದರೂ ಸಹಿ ಇರಬೇಕು. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ, ಊಟ ಆಯ್ತಾ ಅಂತ ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: ದುಡ್ಡು ಎಲ್ಲಿಟ್ಟಿದ್ದೀರಿ, ಅದಕ್ಕೆ ವಿಮೆ ಇದೆಯಾ? ನಾನು ಕೇಳೋದು ತಡವಾಯ್ತು.